ಏನಿದೆ ಎಂದು ಹೇಳದೆ ಕೊಟ್ಟ ಡಬ್ಬಿ

ಧಾರವಾಡದ ನಮ್ಮ ಕಾನ್ವೆಂಟಿನಲ್ಲಿ ಕ್ರಿಸ್‌ಮಸ್‌ನ ಮರುದಿನ ಸಿಸ್ಟರುಗಳು ಆಯಾ, ಮಾಲಿ, ಪೋಸ್ಟ್‌ಮ್ಯಾನ್ ಎಲ್ಲರಿಗೂ ಒಂದೊಂದು ಡಬ್ಬಿ ಕೊಡುತ್ತಿದ್ದರು. ಹಿಂದೆ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಕ್ರಿಸ್‌ಮಸ್ ದಿನವೂ ದುಡಿದ ಆಳುಗಳಿಗೆ ಮರುದಿನ ರಜೆ ಕೊಟ್ಟು, ಕೈಗೊಂದು ಡಬ್ಬಿ ಇಟ್ಟು ಕಳಿಸುತ್ತಿದ್ದರಂತೆ. ಬಾಕ್ಸಿಂಗ್ ಡೇ ಎಂಬ ಹೆಸರು ಅದರಿಂದ ಬಂತೆಂದು ಹೆಡ್ ಸಿಸ್ಟರ್ ಹೇಳುತ್ತಿದ್ದರು. ಒಳಗೆ ಏನಿದೆಯೆಂದು ಕೊಡುವವರು ಹೇಳಬಾರದು, ಅದು ಬ್ಯಾಡ್ ಮ್ಯಾನರ್ಸ್. ಮನೆಗೆ ಹೋಗಿ ಮಕ್ಕಳ ಜೊತೆ ತೆರೆಯಲಿ, ಎನ್ನುತ್ತಿದ್ದರು.

ಇಲ್ಲಿ, ಮಗಳ ಜೊತೆ ನಾನಿರುವ ಈ ಪರದೇಶದ ಸ್ಟ್ರೀಟ್ಸ್‌ವಿಲ್‌ನಲ್ಲಿ, ಬಾಕ್ಸಿಂಗ್ ಡೇ ಎಂದರೆ ಸೇಲ್. ಕಳೆದ ವರ್ಷ ಮಗಳು ಬೆಳಿಗ್ಗೆಯೇ ಮಾಲ್‌ಗೆ ಓಡಿದಳು. ಸೊಂಟದ ಆಪರೇಷನ್ ಆದಮೇಲೆ ನನಗೆ ಸ್ನಾನ ಮಾಡಿಸಲು ಬರುವ ಫಿಲಿಪಿನೋ ಹೆಣ್ಣುಮಗಳು ಮಾತ್ರ ಅವತ್ತೂ ಹಿಮದಲ್ಲಿ ಬಸ್ ಹಿಡಿದು ಬಂದಳು. ರಜೆಯಂತೂ ನಾನು ಕೊಡಲಾರೆ, ಡಬ್ಬಿಯಾದರೂ ಇರಲಿ ಎಂದು ಆರು ಶೇಂಗಾ ಹೋಳಿಗೆ ಇಟ್ಟು ರಿಬ್ಬನ್ ಕಟ್ಟಿದ್ದೆ. "ಏನಿದು ಮ್ಯಾಮ್?" ಎಂದಳು. "ಮನೆಗೆ ಹೋಗಿ ಮಗಳ ಜೊತೆ ತೆಗೆ," ಎಂದೆ, ಬಹಳ ಹೆಮ್ಮೆಯಿಂದ.

ಮಧ್ಯಾಹ್ನ ಮಗಳು ಚೀಲಗಳ ಸಮೇತ ಬಂದಳು. ಡಬ್ಬಿಯ ವಿಷಯ ಹೇಳಿದೆ.

"ಅವ್ವ, ಅದರಾಗ ಶೇಂಗಾ ಐತಿ ಅಂತ ಹೇಳೀಯೋ ಇಲ್ಲೋ?"

"ಹಂಗ ಹೇಳಬಾರದು."

"ಯಾರ್ ಹೇಳ್ಯಾರ? ಇಲ್ಲಿ ಸಾಲಿಗೆ ಶೇಂಗಾ ಒಯ್ಯಾಕ ಬಿಡೂದಿಲ್ಲ, ಗೊತ್ತಿಲ್ಲೇನ್ ನಿನಗ? ಆಕಿ ಮಗಳಿಗೆ ಅಲರ್ಜಿ ಇದ್ರ?"

ಆಗ ನೆನಪಾಯಿತು. ಯಾವುದೋ ಬರ್ತ್‌ಡೇ ಕೇಕ್ ತಿಂದು ಮಗಳ ಉಸಿರು ಕಟ್ಟಿತ್ತು, ಎಮರ್ಜೆನ್ಸಿಗೆ ಒಯ್ದೆವು ಎಂದು ಆಕೆ ಒಮ್ಮೆ ನನ್ನ ಬೆನ್ನುಜ್ಜುತ್ತಾ ಹೇಳಿದ್ದಳು. ಕೇಕಿನಲ್ಲಿದ್ದದ್ದು ಮೊಟ್ಟೆಯೋ, ಶೇಂಗಾವೋ? ನೀರು ಬಿಸಿಯಾಯಿತೆಂದು ಗೊಣಗುತ್ತಿದ್ದ ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಹೋಳಿಗೆಯನ್ನು ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯದು. ಹೂರಣದಲ್ಲಿ ಶೇಂಗಾ ಹಿಟ್ಟಾಗಿ ಹೋಗಿರುತ್ತದೆ.

ಆಕೆಯ ನಂಬರ್ ನಮ್ಮಲ್ಲಿರಲಿಲ್ಲ. ಆಕೆಯನ್ನು ಕಳಿಸುವ ಏಜೆನ್ಸಿಗೆ ಫೋನ್ ಮಾಡಿದರೆ ಹಾಲಿಡೇ ಮೆಸೇಜ್. ಮಗಳು ಹತ್ತಾರು ಸಲ ಒತ್ತಿದ ಮೇಲೆ ಯಾರೋ ಎತ್ತಿ, ನಿಮಗೆ ಫೋನ್ ಮಾಡಲು ಆಕೆಗೆ ಹೇಳುತ್ತೇವೆ ಎಂದರು. ವಾಕರ್ ಹಿಡಿದು ಕಿಟಕಿಗೂ ಫೋನಿಗೂ ನಡುವೆ ಓಡಾಡಿದೆ. "ಕೂಡವ್ವ, ಬಿದ್ದಗಿದ್ದೀ," ಎಂದು ಮಗಳು ಗದರಿದಳು. ಜಪ ಮಾಡಲು ಹೋದರೆ ಬಾಯಿಗೆ ಕಾನ್ವೆಂಟಿನ ಪ್ರೇಯರ್ ಬಂತು. ಅದನ್ನೇ ಹೇಳಿದೆ.

ನಾಲ್ಕಕ್ಕೆ ಆಕೆಯ ಫೋನ್ ಬಂತು.

"ಮಗಳು ತಿಂದಳಾ?" ಎಂದು ಕಿರುಚಿದೆ.

"ಸಾರಿ ಮ್ಯಾಮ್. ಬೆಳಿಗ್ಗೆಯಿಂದ ಮೂರು ಮನೆ, ಊಟಕ್ಕೆ ಟೈಮ್ ಸಿಗಲಿಲ್ಲ. ಆರನ್ನೂ ಬಸ್ಸಿನಲ್ಲೇ ತಿಂದುಬಿಟ್ಟೆ. ಮಗಳಿಗೆ ಒಂದೂ ಉಳಿಸಲಿಲ್ಲ." ಆಕೆಯ ದನಿಯಲ್ಲಿ ನಾಚಿಕೆಯಿತ್ತು.

"ಅದರಲ್ಲಿ ಶೇಂಗಾ ಇತ್ತು," ಎಂದೆ.

"ಓ ಗಾಡ್," ಎಂದಳು. ಕೇಕಿನಲ್ಲಿದ್ದದ್ದೂ ಅದೇ. ಆಕೆ ಇನ್ನೂ ಮನೆ ಮುಟ್ಟಿರಲಿಲ್ಲ. ಸ್ಟಾಪಿನಲ್ಲಿ ಈಗಷ್ಟೇ ಇಳಿದಿದ್ದಳು, ಎದುರಿನ ಮನೆಯ ಕಿಟಕಿಯಲ್ಲಿ ಮಗಳು ಕೈಬೀಸುತ್ತಿದ್ದಳು.

"ಮುತ್ತು ಕೊಡಬೇಡ," ಎಂದೆ. "ಮೊದಲು ಕೈ ತೊಳಿ, ಬಾಯಿ ತೊಳಿ, ಕೋಟು ಹೊರಗೇ ಬಿಚ್ಚು."

ಫೋನಿಡದೆ ಹಾಗೇ ಹಿಡಿದುಕೊಂಡೆ. ಬಾಗಿಲು ತೆರೆದ ಸದ್ದು, "ಡೋಂಟ್ ಟಚ್ ಮಿ, ಬೇಬಿ, ವೇಟ್" ಎಂಬ ಮಾತು, ಆಮೇಲೆ ನಲ್ಲಿಯ ನೀರು ಬಹಳ ಹೊತ್ತು ಸುರಿಯುವ ಸದ್ದು ಕೇಳುತ್ತಿತ್ತು.