ಯಲಗೂರಪ್ಪ ಒದರಿದ ಸಾವಿನ ಸುದ್ದಿ

ಬಬಲೇಶ್ವರದಲ್ಲಿ ಯಾರಾದರೂ ಸತ್ತರೆ ಮನೆಯವರು ಮೊದಲು ಅಳುತ್ತಾರೆ, ಆಮೇಲೆ ಯಲಗೂರಪ್ಪನಿಗೆ ಹೇಳಿ ಕಳಿಸುತ್ತಾರೆ. ಅವನ ಆಟೋದ ನೆತ್ತಿಯ ಮೇಲೆ ಮೈಕಿನ ಎರಡು ಭೋಂಗಾಗಳಿವೆ, ಒಳಗೆ ಹಗ್ಗದಲ್ಲಿ ಬಿಗಿದ ಆಂಪ್ಲಿಫೈಯರ್. ಅವನು ಓಣಿ ಓಣಿ ತಿರುಗಿ ಹೇಳಿದ ಮೇಲೆಯೇ ಊರಿಗೆ ಸಾವು ಖಾತ್ರಿ. ಸತ್ತವರು ಯಾರು, ಯಾರ ಮನೆಯವರು, ಜೀವವಿದ್ದಾಗ ಏನು ಮಾಡಿಕೊಂಡಿದ್ದರು, ಮಣ್ಣು ಎಷ್ಟು ಗಂಟೆಗೆ, ಇಷ್ಟೇ ಹೇಳುವುದು. ಚೀಟಿ ನೋಡಿ ಓದುವುದಿಲ್ಲ. ಸಾವಿನ ಸುದ್ದಿಗೆ ಯಾರಿಂದಲೂ ಒಂದು ರೂಪಾಯಿ ಮುಟ್ಟುವುದಿಲ್ಲ.

ಆ ಗಂಟಲು ಮೈಕಿನಿಂದ ಬಂದದ್ದಲ್ಲ, ಮಮದಾಪುರದ ಕೆರೆಯ ದಂಡೆಯಿಂದ ಬಂದದ್ದು. ಚಿಕ್ಕಂದಿನಲ್ಲಿ ಅವನು ಅಲ್ಲಿ ಕುರಿ ಕಾಯುತ್ತಿದ್ದ. ದಂಡೆಯ ಈ ತುದಿಯಿಂದ ಆ ತುದಿಯ ಕುರಿಗಳನ್ನು ಕರೆಯುವುದನ್ನು ಅವನಿಗೆ ಕಲಿಸಿದವಳು ಮುದುಕವ್ವ. ಅವಳದು ನೂರಾರು ಕುರಿಗಳ ಹಿಂಡು. ಗಂಟಲಲ್ಲಿ ಅರಚಿದರೆ ಎರಡು ದಿನಕ್ಕೆ ದನಿ ಕಟ್ಟುತ್ತದೆ, ಹೊಟ್ಟೆಯಿಂದ ಕೂಗು ಎಂದು ಅವನ ಹೊಟ್ಟೆಗೆ ಕೋಲಿನಿಂದ ತಿವಿದು ಹೇಳಿಕೊಟ್ಟಿದ್ದಳು. ಅದೇ ದನಿ ಮುಂದೆ ಅವನಿಗೆ ಅನ್ನ ಹಾಕಿತು.

ಅನ್ನಕ್ಕಾಗಿ ಅವನು ಏನೇನೋ ಹೇಳಿದ್ದಾನೆ, ಅದನ್ನು ಮುಚ್ಚಿಡುವುದೇಕೆ. ತಿಕೋಟಾದ ಸಂತೆಯಲ್ಲಿ ಮೊಬೈಲ್ ಅಂಗಡಿಯ ಪರವಾಗಿ ‘ಮೆಗಾ ಧಮಾಕಾ’ ಅಂದಿದ್ದಾನೆ. ಒಂದು ಚಹಾದ ಅಂಗಡಿಗೆ ‘ನೆಕ್ಸ್ಟ್ ಲೆವೆಲ್ ವೈಬ್’ ಅಂತಲೂ ಒದರಿದ್ದಾನೆ. ಒದರಿ, ಬೇವಿನ ಕಡ್ಡಿ ಜಗಿದವನ ಹಾಗೆ ಮುಖ ಮಾಡಿಕೊಂಡು ಮನೆಗೆ ಬಂದಿದ್ದಾನೆ. ಅವನ ಮಗಳು ಸುಧಾರಾಣಿ ಮಾತುಮಾತಿಗೆ ‘ಲಿಟರಲಿ’ ಅನ್ನುತ್ತಾಳೆ. ಲಿಟರಲಿ ಹಸಿವಾಗಿದೆಯಂತೆ, ಲಿಟರಲಿ ನಿದ್ದೆ ಬಂದಿದೆಯಂತೆ. ಆ ಶಬ್ದವನ್ನು ಬಿಟ್ಟರೆ ಹಸಿವು ಕಡಿಮೆಯಾಗುತ್ತದೇನೇ ಅಂತ ಅವನು ಕೇಳುತ್ತಾನೆ. ಇವೆಲ್ಲ ಸಣ್ಣ ಮುಳ್ಳು. ಅವನ ಮೈಗೆ ನಿಜವಾಗಿ ಬೆಂಕಿ ಹತ್ತುವುದು ಮನುಷ್ಯರ ದುಃಖಕ್ಕೆ ಬಣ್ಣದ ಕಾಗದ ಸುತ್ತುವ ಮಾತಿಗೆ. ಕೆಲಸದಿಂದ ತೆಗೆದು ‘ರಿಲೀವ್ ಮಾಡೀವಿ’ ಅನ್ನುವುದು, ಸಾಲ ಇಲ್ಲವೆನ್ನಲು ‘ಪ್ರೊಸೆಸ್‌ನಾಗ ಐತಿ’ ಅನ್ನುವುದು, ಸತ್ತವರಿಗೆ ಮೊಬೈಲಿನಲ್ಲಿ ಮೂರು ಇಂಗ್ಲಿಷ್ ಅಕ್ಷರ ಒತ್ತಿ ಕೈ ತೊಳೆದುಕೊಳ್ಳುವುದು. ಇಂಥವರಿಗೆಲ್ಲ ನಾಲಿಗೆಯಲ್ಲಿ ಎಲುಬಿಲ್ಲ, ಎದೆಯಲ್ಲೂ ಇಲ್ಲ ಎಂದು ಅವನ ವಾದ.

ಹೋದ ಚಳಿಗಾಲದಲ್ಲಿ ಮುದುಕವ್ವ ಸತ್ತಳು. ಬೆಳಗಿನ ಆರಕ್ಕೆ ಜೀವ ಹೋಯಿತು. ಎಂಬತ್ತು ದಾಟಿದ ಮುದುಕಿ, ನರಳಲಿಲ್ಲ, ನರಳಿಸಲಿಲ್ಲ. ಅವಳ ಮಗ ಸಂಗು ಈಗ ದೊಡ್ಡ ಕುಳ. ವಿಜಯಪುರದ ಜೋರಾಪುರ ಪೇಟೆಯಲ್ಲಿ ಸಿಮೆಂಟಿನ ಅಂಗಡಿ, ಬಬಲೇಶ್ವರದಲ್ಲಿ ಮನೆಗೆ ಹೊಂದಿಕೊಂಡು ಅದರ ಶಾಖೆ. ಯಲಗೂರಪ್ಪನ ಆಟೋ ತಿಂಗಳಲ್ಲಿ ಹದಿನೈದು ದಿನ ಓಡುವುದು ಅವನ ಸಿಮೆಂಟಿನ ಜಾಹೀರಾತಿಗೇ.

ಏಳು ಗಂಟೆಗೆ ಯಲಗೂರಪ್ಪ ಹೋದಾಗ ಅಂಗಳದಲ್ಲಿ ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು ಸಾಲಾಗಿ ನಿಂತಿದ್ದವು. ಅವನು ಮುದುಕವ್ವನ ಕಾಲು ಮುಟ್ಟಿ ಅತ್ತು, ಕಣ್ಣೊರೆಸಿಕೊಂಡು ಮೈಕ್ ಹಿಡಿಯಲು ಹೊರಟ. ಆಗ ಸಂಗುವಿನ ಮ್ಯಾನೇಜರ್ ಚಂದ್ರಕಾಂತ ಒಂದು ಪೆನ್‌ಡ್ರೈವ್ ತಂದು ಕೈಯಲ್ಲಿಟ್ಟ. ಸುದ್ದಿ ಇದರಲ್ಲಿದೆ, ಕಂಪ್ಯೂಟರಿನ ಹೆಣ್ಣು ದನಿ, ಹಚ್ಚಿಕೊಂಡು ತಿರುಗಿದರೆ ಸಾಕು ಅಂದ. ಯಲಗೂರಪ್ಪ ಸಂಗುವಿನ ಮುಖ ನೋಡಿದ.

“ಕಾಕಾ, ನೀ ‘ಸತ್ತಾಳ’ ಅಂತ ಒದರತಿ. ಅದು ಭಾಳ ನೆಗೆಟಿವ್ ಅನಸ್ತೈತಿ. ಡೀಲರ್‌ಗಳು ಬರಾವ್ರದಾರ. ಒಂದಿಷ್ಟು ಡೀಸೆಂಟ್ ಇರಲಿ,” ಎಂದ ಸಂಗು.

ಹೆಣ ಮಲಗಿದ ಮನೆಯಲ್ಲಿ ಜಗಳ ಬೇಡ ಅಂದುಕೊಂಡ ಯಲಗೂರಪ್ಪ. ತಿಂಗಳಿನ ಹದಿನೈದು ದಿನವೂ ನೆನಪಿಗೆ ಬಂದವು, ಸುಳ್ಳೇಕೆ ಹೇಳಬೇಕು. ಪೆನ್‌ಡ್ರೈವ್ ಚುಚ್ಚಿ ಹೊರಟ. ಭೋಂಗಾ ಮಾತಾಡಿತು. ಹಿರಿಯ ನಾಗರಿಕರಾದ ಶ್ರೀಮತಿ ಗೌರಾಬಾಯಿ ಅವರು ಪಾಸ್ ಅವೇ ಆಗಿರುತ್ತಾರೆಂದು ತಿಳಿಸಲು ವಿಷಾದಿಸುತ್ತೇವೆ, ಅವರ ಲೈಫ್ ಜರ್ನಿಯನ್ನು ಸೆಲೆಬ್ರೇಟ್ ಮಾಡಲು ತಾವೆಲ್ಲರೂ ಸಂಜೆ ನಾಲ್ಕಕ್ಕೆ ಜೊತೆಗೂಡಿ ಸಹಕರಿಸಬೇಕು. ಗೌರಾಬಾಯಿ ಎಂಬುದು ಮುದುಕವ್ವನಿಗೆ ಆಧಾರ್ ಕಾರ್ಡಿನಲ್ಲಿದ್ದ ಹೆಸರು. ಆ ಹೆಸರಿನಿಂದ ಅವಳನ್ನು ಕರೆದವರು ಸರಕಾರಿ ಕಚೇರಿಯವರು ಮಾತ್ರ. ಯಲಗೂರಪ್ಪ ಹಲ್ಲು ಕಚ್ಚಿಕೊಂಡು ನಾಲ್ಕು ತಾಸು ಆಟೋ ಓಡಿಸಿದ.

ಹನ್ನೊಂದಕ್ಕೆ ಬಂದು ನೋಡಿದರೆ ಕುರ್ಚಿಗಳಲ್ಲಿ ಇಪ್ಪತ್ತು ಮಂದಿ, ಎಲ್ಲರೂ ವಿಜಯಪುರದಿಂದ ಕಾರಿನಲ್ಲಿ ಬಂದ ಡೀಲರ್‌ಗಳು. ಒಬ್ಬ ಕುರುಬನಿಲ್ಲ, ಒಂದು ಕಂಬಳಿಯಿಲ್ಲ. ಭಜನೆಯವರಿಲ್ಲ, ಡೊಳ್ಳಿನವರಿಲ್ಲ. ನಲವತ್ತು ವರ್ಷ ಸುತ್ತಲಿನ ಹಟ್ಟಿಗಳಲ್ಲಿ ಕುರಿ ಈಯಲಾರದೆ ಒದ್ದಾಡುವಾಗ ಹೊತ್ತಿಲ್ಲದ ಹೊತ್ತಿನಲ್ಲಿ ಎದ್ದುಹೋಗಿ, ಅಡ್ಡ ಬಿದ್ದ ಮರಿಯನ್ನು ಕೈ ಹಾಕಿ ಹೊರಗೆ ತೆಗೆದ ಹೆಂಗಸು ಅವಳು. ಅವಳ ಹೆಣದ ಮುಂದೆ ಸಿಮೆಂಟಿನ ರೇಟು ಮಾತಾಡುತ್ತಿದ್ದರು.

ಯಲಗೂರಪ್ಪ ಬಾಜಾರಕ್ಕೆ ಬಂದ. ಬಸ್ ಸ್ಟ್ಯಾಂಡಿನ ಹತ್ತಿರ ರುದ್ರವ್ವ ಎಂದಿನಂತೆ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಕೂತಿದ್ದಳು. ಮುದುಕವ್ವ ದಿನಾ ಸಂಜೆ ಇವಳ ಪಕ್ಕ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ರುದ್ರವ್ವ ಅವನಿಗೆ ಒಂದು ಗ್ಲಾಸು ತುಂಬಿ ಕೊಟ್ಟು ಕೇಳಿದಳು.

“ಮುಂಜಾನಿಂದ ಅದೇನೋ ಹಚಗೊಂಡ ತಿರಗಾಕತ್ತೀಯಲ್ಲ, ಗೌರಾಬಾಯಿ ಅಂದ್ರ ಯಾರಪಾ? ಬ್ಯಾಂಕಿನಾಕಿ ಏನು?”

ಯಲಗೂರಪ್ಪ ಗ್ಲಾಸು ಕೆಳಗಿಟ್ಟ. ಹೇಳಿದ. ರುದ್ರವ್ವ ಕೂತಲ್ಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಗೆಳತಿ ಸತ್ತು ಐದು ತಾಸಾಗಿದೆ, ಇವಳು ಮಜ್ಜಿಗೆ ಮಾರುತ್ತ ಕೂತಿದ್ದಾಳೆ. ಯಾಕೆಂದರೆ ಊರಿಗೆ ಸುದ್ದಿ ಹೇಳಬೇಕಾದ ಗಂಡಸು ಬಾಯಿ ಮುಚ್ಚಿಕೊಂಡು ಆಟೋ ಓಡಿಸಿದ್ದ. ಅವನಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡ. ಮೈಕ್ ಎತ್ತಿದ.

“ಕೇಳ್ರೆಪಾ ಕೇಳ್ರಿ. ಕುರಿ ಮುದುಕವ್ವ ಸತ್ತಾಳ. ಮಮದಾಪುರದ ಕುರಿ ಮುದುಕವ್ವ, ಸಿಮೆಂಟ್ ಸಂಗೂನ ಅವ್ವ. ನಿಮ್ಮ ಹಟ್ಟ್ಯಾಗ ಅಡ್ಡ ಬಿದ್ದ ಮರಿ ತಗದ ಕೈ ತಣ್ಣಗಾಗೇತಿ. ಮುಂಜಾನಿಂದ ಯಾರದೋ ಸುದ್ದಿ ಅಂತ ಕೇಳಿ ಬಿಟ್ಟೀರಿ, ಅದು ಆಕೀದ ಸುದ್ದಿ. ಸುಮ್ಮ ತಿರಗಿದ್ದು ನಂದ ತಪ್ಪ. ಮಣ್ಣು ನಾಕ ಗಂಟೇಕೈತಿ. ಬರ್ರಿ.”

ಬಾಜಾರ ನಿಂತಿತು. ಬಸ್ಸು ಹತ್ತುತ್ತಿದ್ದವರು ಕೆಳಗಿಳಿದರು. ಯಲಗೂರಪ್ಪ ಊರಿನ ಓಣಿಗಳನ್ನು ಮುಗಿಸಿ ಆಟೋವನ್ನು ಕಾಖಂಡಕಿಯ ದಾರಿಗೆ ತಿರುಗಿಸಿದ. ಅಲ್ಲಿ ಕುರಿ ವ್ಯಾಪಾರಿ ಉಮರ ಸುದ್ದಿ ಕೇಳಿ ತನ್ನ ಟೆಂಪೋ ಹೊರತೆಗೆದ. ಮಮದಾಪುರದ ಮಂದಿಯನ್ನು ನಾನು ತರುತ್ತೇನೆ, ನೀನು ಅಡವಿಯ ಹಟ್ಟಿಗಳಿಗೆ ಹೋಗು ಅಂದ. ರಸ್ತೆ ಇಲ್ಲದಲ್ಲಿ ಯಲಗೂರಪ್ಪ ಆಟೋ ನಿಲ್ಲಿಸಿ, ಇಳಿದು, ಭೋಂಗಾದ ಹಂಗಿಲ್ಲದೆ ಬರಿ ಬಾಯಿಯಲ್ಲೇ ಕೂಗಿದ.

ಅಷ್ಟರಲ್ಲಿ ಸಂಗುವಿನ ಫೋನು ಬಂತು. ಅವನ ಸಿಟ್ಟು ಸುಮಾರಾಗಿರಲಿಲ್ಲ. ಊರ ತುಂಬ ತನ್ನ ಮರ್ಯಾದೆ ಹರಾಜಾಯಿತಂತೆ, ಡೀಲರ್‌ಗಳ ಮುಂದೆ ಇಮೇಜ್ ಹಾಳಾಯಿತಂತೆ, ಈಗಿಂದೀಗಲೇ ಮೈಕ್ ಬಂದ್ ಮಾಡಬೇಕಂತೆ. ಇಲ್ಲದಿದ್ದರೆ ನಾಳೆಯಿಂದ ಅಂಗಡಿಯ ಕಡೆ ಮುಖ ಹಾಕಬಾರದಂತೆ. ಯಲಗೂರಪ್ಪ ಪೂರ್ತಿ ಕೇಳಿಸಿಕೊಂಡ.

“ನಿನ್ನ ಸಿಮೆಂಟಿಗೆ ಏನ್ ಅನ್ನಂದ್ರೂ ಅಂದೇನಿ, ಸಂಗಪ್ಪಾ. ನಿಮ್ಮವ್ವಗ ಅನ್ನೂದಿಲ್ಲ,” ಅಂದು ಫೋನು ಇಟ್ಟ.

ನಾಲ್ಕು ಗಂಟೆಗೆ ಹೆಣ ಎತ್ತಲಾಗಲಿಲ್ಲ, ಅಷ್ಟು ಜನ. ಕಂಬಳಿ ಹೊದ್ದ ಮುದುಕರು, ಕಂಕುಳಲ್ಲಿ ಕೂಸು ಹಿಡಿದ ಹೆಂಗಸರು, ಉಮರನ ಟೆಂಪೋದಲ್ಲಿ ಮೂರು ಸರತಿ ಬಂದ ಮಮದಾಪುರದವರು. ಭಜನೆಯವರು ಬಂದರು, ಡೊಳ್ಳು ಬಂತು. ಬಿಳಿ ಕುರ್ಚಿಗಳನ್ನು ಯಾರೋ ಗೋಡೆಗೆ ಒಟ್ಟಿದರು, ಡೀಲರ್‌ಗಳು ಎದ್ದು ನಿಂತರು. ಬಂದವರೆಲ್ಲ ಸಂಗುವಿನ ಕೈ ಹಿಡಿದು ನಿಮ್ಮವ್ವ ನಮ್ಮ ಹಟ್ಟಿಗೆ ಇಂಥ ದಿನ ಬಂದಿದ್ದಳು, ಮಳೆಯಲ್ಲಿ ಬಂದಿದ್ದಳು, ಉಪವಾಸ ಬಂದಿದ್ದಳು ಎಂದು ಹೇಳತೊಡಗಿದರು. ಅವನು ಒಬ್ಬೊಬ್ಬರಿಗೂ ಥ್ಯಾಂಕ್ಸ್ ಅನ್ನುತ್ತ ಹೋದ. ಹತ್ತನೆಯವರಿಗೋ ಹನ್ನೊಂದನೆಯವರಿಗೋ ಅನ್ನಲಾಗದೆ ಗೋಡೆಗೆ ಮುಖ ಮಾಡಿ ಅತ್ತ. ಮಣ್ಣು ಮುಗಿದಾಗ ಹೊತ್ತು ಮುಳುಗಿತ್ತು.

ಅತ್ತನೆಂದು ಸಿಟ್ಟು ಇಳಿಯಿತು ಅಂದುಕೊಳ್ಳಬೇಡಿ. ಸಂಗು ವ್ಯಾಪಾರಿ. ಮೂರನೆಯ ದಿನ ಚಂದ್ರಕಾಂತ ಫೋನು ಮಾಡಿ ಯಲಗೂರಪ್ಪನ ಕೆಲಸವನ್ನು ಸದ್ಯಕ್ಕೆ ಹೋಲ್ಡ್ ಮಾಡಲಾಗಿದೆ ಎಂದು ತಿಳಿಸಿದ. ತೆಗೆದಿದ್ದೇವೆ ಅನ್ನು, ನನಗೆ ತಿಳಿಯುತ್ತದೆ ಎಂದು ಇವನು ಹೇಳಿದ. ಅದನ್ನೂ ಆ ಹುಡುಗನ ಬಾಯಿಂದ ಹೊರಡಿಸಲಾಗಲಿಲ್ಲ. ಹೆಂಡತಿ ಅಕ್ಕನಾಗಮ್ಮ ಎರಡು ದಿನ ಪಾತ್ರೆ ಕುಕ್ಕಿದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆಂದು ಹಿರಿಯರು ಸುಮ್ಮನೆ ಹೇಳಿಲ್ಲ ಅಂದಳು. ಒದೆಯಲಿ, ಎದೆ ನನ್ನದು ಅಂದ ಯಲಗೂರಪ್ಪ. ಮಾರನೆಯ ದಿನ ಅವಳೇ ಬುತ್ತಿ ಕಟ್ಟಿ, ಇಂಡಿ ಕಡೆಯ ಸಂತೆಗಳನ್ನೂ ನೋಡಿಕೊಂಡು ಬಾ, ಬದುಕು ಒಬ್ಬ ಸಂಗುವಿನ ಕೈಯಲ್ಲಿಲ್ಲ ಎಂದು ಕಳಿಸಿದಳು.

ಆ ದಿನ ಬಸ್ ಸ್ಟ್ಯಾಂಡಿನಲ್ಲಿ ರುದ್ರವ್ವ ಆಟೋಕ್ಕೆ ಅಡ್ಡ ನಿಂತಳು. ನನ್ನ ಮೊಮ್ಮಕ್ಕಳೂ ಇಂಗ್ಲಿಷ್ ಸಾಲಿಗೆ ಹೋಗುತ್ತಾರೆ, ಅವರ ಮೇಲೆ ನನಗೆ ಭರವಸೆಯಿಲ್ಲ, ನನ್ನ ಸುದ್ದಿಯನ್ನು ಈಗಲೇ ತಲೆಯಲ್ಲಿ ಇಟ್ಟುಕೋ ಅಂದಳು. ಮಜ್ಜಿಗೆ ರುದ್ರವ್ವ ಅನ್ನಬೇಕು. ನೀರು ಕೂಡಿಸದೆ ಮಾರಿದಳು ಅನ್ನಬೇಕು. ಗಂಡ ಹೋದ ಮೇಲೆ ಮೂರು ಮಕ್ಕಳನ್ನು ಒಂದು ಎಮ್ಮೆಯ ಮೇಲೆ ಬೆಳೆಸಿದಳು ಅನ್ನಬೇಕು. ಜಗಳಗಂಟಿ ಅಂತಲೂ ಅನ್ನು, ಇಲ್ಲದಿದ್ದರೆ ಬೇರೆ ಯಾರೋ ಅಂದುಕೊಂಡು ಮಂದಿ ಬರುವುದಿಲ್ಲ.

ಯಲಗೂರಪ್ಪ ನಕ್ಕ. ಆ ಹೊತ್ತು ಬಂದಾಗ ಒಂದಕ್ಷರ ಬಿಡದೆ ಹೇಳುತ್ತೇನೆ ಎಂದು ಮಾತು ಕೊಟ್ಟು ಆಟೋ ಚಾಲೂ ಮಾಡಿದ. ರುದ್ರವ್ವ ಅದರ ಮುಂದಿನಿಂದ ಕದಲಲಿಲ್ಲ.

“ಸತ್ತಮ್ಯಾಲ ನನಗ ಕೇಳಸೂದಿಲ್ಲೋ,” ಎಂದಳು. “ಈಗ ಒಮ್ಮಿ ಒದರು.”

ಅವನು ಆಟೋ ಬಂದ್ ಮಾಡಿ ಮೈಕ್ ಎತ್ತಿಕೊಂಡ.