ಅವರೆ ಬಳ್ಳಿಯ ಸಫಾರಿ

ಅಮೆರಿಕದ ವುಡ್‌ಬ್ರಿಡ್ಜ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡಾಕ್ಟರ್ ಅಂಕಲ್, ಹಿತ್ತಲಿಗೆ ಜಿಂಕೆ ಬಂದರೆ ಸ್ಟೀಲ್ ತಟ್ಟೆ ಬಡಿಯುತ್ತ ಓಡುತ್ತಿದ್ದರು. ಆ ಸದ್ದಿಗೆ ಜಿಂಕೆಗಿಂತ ಮೊದಲು ನಮ್ಮ ಮಗು ಬೆಚ್ಚುತ್ತಿತ್ತು.

ಅವರು ನಿವೃತ್ತರಾದಾಗ ಮಕ್ಕಳು ಆಫ್ರಿಕಾದ ಕಾಡಿನೊಳಗಿನ ಒಂದು ದುಬಾರಿ ಸಫಾರಿ ಕ್ಯಾಂಪಿಗೆ ಕಳಿಸಿದರು. ವನ್ಯಜೀವಿಗಳ ರಕ್ಷಣೆಗೆಂದೇ ನಡೆಸುವ ಕ್ಯಾಂಪ್. ಡೇರೆಯೊಳಗೆ ಬಾತ್‌ಟಬ್ ಇತ್ತಂತೆ, ಎದುರಿಗೇ ಆನೆಗಳು ನೀರು ಕುಡಿಯುತ್ತಿದ್ದವಂತೆ. ಅಂಕಲ್ ಒಂದು ಖಾಕಿ ಟೋಪಿ, ಒಂದು ಬೈನಾಕ್ಯುಲರ್ ಮತ್ತು ಅಲ್ಲಿನ ಗೈಡ್ ಕಲಿಸಿದ ಒಂದು ಮಾತಿನೊಂದಿಗೆ ಮರಳಿದರು: "ಇದು ಅವುಗಳ ಜಾಗ ಕಣಮ್ಮ. ನಾವು ಬರೀ ಅತಿಥಿಗಳು." ರಾತ್ರಿ ಬಂದು ಕಸದ ಡಬ್ಬಿ ಉರುಳಿಸುವ ರಕೂನ್ ಪ್ರಾಣಿಗೂ ಅದೇ ಮರ್ಯಾದೆ ಸಿಕ್ಕಿತು.

ಹಿಂದಿನ ಮೂರು ವರ್ಷವೂ ಹೂ ಬಿಡುವ ಹೊತ್ತಿಗೆ ಚಳಿ ಬಿದ್ದು ಸತ್ತಿದ್ದ, ಅಂಕಲ್ ಹಿತ್ತಲಲ್ಲಿ ಪ್ರತಿವರ್ಷ ಹಾಕುವ ಅವರೆ ಬಳ್ಳಿ ಆ ವರ್ಷ ಚಪ್ಪರದ ತುಂಬ ಕಾಯಿ ಬಿಟ್ಟಿತು. ಅವರೆಕಾಳು ಸಾರಿಗೆ ಬಾ ಎಂದು ನನ್ನನ್ನು ಕರೆದಿದ್ದರು. ಇಬ್ಬರೂ ಹಿತ್ತಲಿನ ಮರದ ಡೆಕ್ ಮೇಲೆ ಕೂತಿದ್ದಾಗಲೇ ಜಿಂಕೆ ಬಂತು. ಓಡಿಸಲು ನಾನು ಎದ್ದೆ.

"ಅಲ್ಲಾಡ್ಬೇಡಮ್ಮ," ಎಂದು ಪಿಸುಗುಟ್ಟಿ ಅಂಕಲ್, ಹತ್ತಡಿ ದೂರದ ಜಿಂಕೆಯನ್ನು ಬೈನಾಕ್ಯುಲರ್‌ನಲ್ಲಿ ನೋಡುತ್ತ ಕೂತರು. ಅದು ಬಳ್ಳಿಯನ್ನು ಈ ತುದಿಯಿಂದ ಆ ತುದಿಯವರೆಗೆ ಸಾವಕಾಶವಾಗಿ ಮೇಯಿತು.

ಜಿಂಕೆ ಹೋದ ಮೇಲೆ ಅವರು ಬಳ್ಳಿಯನ್ನೆಲ್ಲ ತಡಕಾಡಿ, ಉಳಿದದ್ದನ್ನು ತಂದು ನನ್ನ ಕೈಗಿಟ್ಟರು.

"ನಾಲ್ಕು ಕಾಯಿ ಬಿಟ್ಟು ಹೋಗಿದೆ ನೋಡಮ್ಮ, ಅತಿಥಿಗಳಿಗೆ ಅಂತ."