ಬಾಲ ಕತ್ತರಿಸದ ಮೀನು

ಆಂಕರೇಜ್ ಊರಿನಲ್ಲಿ ಪ್ರವಾಸಿ ಬಸ್ಸು ಓಡಿಸುವ ವೆಂಡೆಲ್ ಕ್ರೌಚ್‌ಗೆ ಅಲಾಸ್ಕ ಎಂದರೆ ತನ್ನ ಅಪ್ಪ ಗಳಿಸಿಟ್ಟ ಆಸ್ತಿ ಎಂಬ ಭಾವ. ಹಡಗಿಳಿದು ಬಂದ ಮುದುಕ ಮುದುಕಿಯರು ಸೀಟಿನಲ್ಲಿ ಕೂರುವುದೇ ತಡ, ಮೈಕು ಬಾಯಿಗೆ ಹಿಡಿಯುತ್ತಿದ್ದ.

"ನಮ್ಮ ರಾಜ್ಯಾನ ಎರಡು ಹೋಳು ಮಾಡಿದ್ರೆ ಟೆಕ್ಸಾಸು ಅಳತೇಲಿ ಮೂರನೇ ನಂಬರಿಗೆ ಇಳಿಯುತ್ತೆ ಸ್ವಾಮಿ! ರಷ್ಯಾದೋರು ಎಕರೆಗೆ ಎರಡು ಸೆಂಟಿಗೆ ಮಾರಿ ಈಗ ಕೈ ಕೈ ಹಿಸುಕ್ಕೋತಿದಾರೆ. ರಾಜಧಾನಿ ಜೂನೋಗೆ ರಸ್ತೆನೇ ಇಲ್ಲ. ಹಾರಬೇಕು, ಇಲ್ಲಾ ತೇಲಬೇಕು!"

ತಾನು ಹಾರಿಯೂ ಇರಲಿಲ್ಲ, ತೇಲಿಯೂ ಇರಲಿಲ್ಲ. ಒಹಾಯೊದಿಂದ ಬಂದು ಮೂವತ್ತು ವರ್ಷವಾದರೂ ಊರಿನ ಗಡಿ ದಾಟಿದವನಲ್ಲ. ರಾಜ್ಯದ ಹತ್ತು ಜನರಲ್ಲಿ ನಾಲ್ವರು ಈ ಒಂದೇ ಊರಿನಲ್ಲಿದ್ದಾರೆ, ಆ ನಾಲ್ವರಲ್ಲಿ ಕೆಲಸಕ್ಕೆ ಬಾರದವನು ಇವನು. ಆಂಕರೇಜಿನಿಂದ ಅರ್ಧ ಗಂಟೆ ಹೋದರೆ ನಿಜವಾದ ಅಲಾಸ್ಕ ಸಿಗುತ್ತದೆ ಎಂದು ಹೊರಗಿನ ಊರಿನವರು ಆಡಿಕೊಳ್ಳುವುದು ಸುಮ್ಮನೆ ಅಲ್ಲ. ಸೊಳ್ಳೆ ಕಂಡರೆ ಹೆದರಿಕೆ, ತಣ್ಣೀರೆಂದರೆ ನಡುಕ. ಬಸ್ಸಿನಲ್ಲಿ ಮಾತ್ರ ಬಾಯಲ್ಲೇ ದಿನಕ್ಕೊಂದು ಕರಡಿ ಓಡಿಸುತ್ತಿದ್ದ. ಉತ್ತರಕುಮಾರನ ಪೌರುಷ ಒಲೆಯ ಮುಂದೆ ಎಂದು ಹಿರಿಯರು ಇಂಥವರನ್ನು ನೋಡಿಯೇ ಹೇಳಿದ್ದು.

ಮಗಳು ಲೊರೆಟಾಳಿಗೆ ಬೆಥೆಲ್ ಊರಿನ, ಯೂಪಿಕ್ ಎಂಬ ಮೂಲನಿವಾಸಿ ಜನರ ಹುಡುಗನ ಜೊತೆ ಮದುವೆ ಗೊತ್ತಾಯಿತು. ಆ ಮನೆಯವರೆಲ್ಲ ಬೇಸಿಗೆ ಬಂದರೆ ನದಿ ದಡದ ಮೀನಿನ ಬಿಡಾರಕ್ಕೆ ಹೋಗಿ, ಸಾಲ್ಮನ್ ಸೀಳಿ, ಒಣಗಿಸಿ, ಹೊಗೆಗೆ ಹಾಕುತ್ತಾರೆ. ಅಲ್ಲಿಗೆ ಒಮ್ಮೆ ಕರೆಸಿಕೊಂಡುಬಿಟ್ಟರೆ ಇಷ್ಟು ವರ್ಷದ ಸುಳ್ಳೆಲ್ಲ ನಿಜವಾಗುತ್ತದೆ ಎಂದು ವೆಂಡೆಲ್ ಆಸೆಪಟ್ಟು ಕೂತಿದ್ದ. ಕರೆಯುವ ಅಧಿಕಾರ ಹುಡುಗನ ತಾಯಿ ನಾಸ್ತಾಸಿಯಾಳದು. ಜುಲೈನಲ್ಲಿ ಆಕೆ ಬೀಗರ ಮನೆ ನೋಡಲು ವಿಮಾನ ಹತ್ತಿ ಬಂದಳು.

ಆಕೆ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಂತೆಯೇ ಇವನು ಅಡುಗೆಮನೆಗೆ ಎಳೆದೊಯ್ದ. ಸಿಂಕಿನಲ್ಲಿ ಇಡಿಯ ಸಾಲ್ಮನ್ ಮಲಗಿತ್ತು. ತುಂಡು ತಂದರೆ ಅಂಗಡಿಯದೆಂದು ಗೊತ್ತಾಗುತ್ತದೆ ಎಂದು ಬೇಕೆಂದೇ ಇಡೀ ಮೀನು ಕೊಂಡಿದ್ದ.

"ನೋಡಿ ಬೀಗ್ರೇ, ನಿನ್ನೆ ಕೀನಾಯ್ ನದೀಲಿ ಸೊಂಟದ ಮಟ್ಟ ನೀರಲ್ಲಿ ನಿಂತು ಬಲೆ ಹಾಕಿ ಹಿಡಿದದ್ದು!"

ನಾಸ್ತಾಸಿಯಾ ಚೀಲದಿಂದ ತನ್ನ ಅರ್ಧಚಂದ್ರದ ಚೂರಿ ತೆಗೆದಳು. ಮೀನು ಎತ್ತಿದಳು, ಬಾಲ ನೋಡಿದಳು, ಚೂರಿ ಕೆಳಗಿಟ್ಟಳು.

"ಬೀಗ್ರೇ, ಬಾಲದ ತುದಿ ಎರಡೂ ಹಾಗೇ ಇದಾವಲ್ಲ?"

"ಮೀನಂದ್ಮೇಲೆ ಬಾಲ ಇರಲ್ವಾ?"

"ನನ್ನ ತಮ್ಮ ಕೀನಾಯಲ್ಲೇ ಇರೋದು. ಮನೆಗೆ ಅಂತ ಬಲೇಲಿ ಹಿಡಿದ ಮೀನನ್ನ ಯಾರೂ ಮಾರಬಾರದು ಅಂತ, ಬಾಲದ ತುದಿ ಅಲ್ಲೇ ದಡದಲ್ಲಿ ಕತ್ತರಿಸಬೇಕು. ಅದು ಕಾನೂನು. ಬಾಲ ನೆಟ್ಟಗಿದ್ರೆ ಅಂಗಡೀದು, ಇಲ್ಲಾ ಕಾನೂನು ಮುರಿದು ತಂದದ್ದು. ಇದು ಯಾವುದು?"

ಲೊರೆಟಾ ಅವನ ತೋಳು ಚಿವುಟಿದಳು. "ಅಪ್ಪಾ, ಅಂಗಡೀದು ಅಂದ್ಬಿಡು. ಪ್ರಾಣ ಏನೂ ಹೋಗಲ್ಲ."

ಮೂರು ಕಾಸಿನ ಬುದ್ಧಿ ಇದ್ದವನಾದರೂ ಹಾಗೇ ಅಂದು ನಕ್ಕುಬಿಡುತ್ತಿದ್ದ. ಇವನು ಎದೆ ಉಬ್ಬಿಸಿದ.

"ಕಾನೂನಾ? ನಾವು ಹಳೇ ಅಲಾಸ್ಕದೋರು ಬೀಗ್ರೇ. ನಮ್ಮನ್ನ ಕೇಳೋನು ಇನ್ನೂ ಹುಟ್ಟಬೇಕು!"

ಆಕೆ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಅಂಗಡೀಲಿ ತಂದೆ ಅಂದಿದ್ರೆ ಈ ಬೇಸಿಗೇಲೇ ಬಿಡಾರಕ್ಕೆ ಕರ್ಕೊಂಡು ಹೋಗ್ತಿದ್ದೆ. ಬಾರದೋರಿಗೆ ಕಲಿಸಬಹುದು. ನಮ್ಮ ನದೀಲಿ ಮೀನು ಕಮ್ಮಿ ಆಗಿ, ಸರ್ಕಾರ ಬಿಟ್ಟ ದಿನ ಮಾತ್ರ ಬಲೆ ಹಾಕ್ತೀವಿ. ಅಂಥಾ ಕಡೆ ಕಾನೂನು ಲೆಕ್ಕಕ್ಕಿಲ್ಲ ಅನ್ನೋ ನಿಮ್ಮನ್ನ ಕರ್ಕೊಂಡು ಹೋಗಿ ಊರೋರಿಗೆ ಏನು ಹೇಳ್ಲಿ? ಲೊರೆಟಾ, ನೀನು ಬಾಮ್ಮಾ."

ಮಗಳು ಮರುದಿನವೇ ಹೊರಟಳು. ಆ ಮೀನನ್ನು ಇವನೊಬ್ಬನೇ ಕೂತು ತಿಂದ. ನಾಚಿಕೆಯಾಯಿತೇ ಎಂದು ಕೇಳಬೇಡಿ. ಜಟ್ಟಿ ಜಾರಿಬಿದ್ದರೂ ಮೀಸೆಗೆ ಮಣ್ಣಾಗಲಿಲ್ಲ. ಆ ವಾರವೇ ಬಸ್ಸಿನಲ್ಲಿ ಮೈಕು ಹಿಡಿದು ಹೊಸ ಪಾಠ ಶುರುಮಾಡಿದ.

"ನಮ್ಮಲ್ಲಿ ಮೀನು ಹಿಡಿದ ಕೂಡ್ಲೇ ಬಾಲದ ತುದಿ ಕತ್ತರಿಸಬೇಕು ಸ್ವಾಮಿ. ಗೊತ್ತಿಲ್ಲದ ಪೆದ್ದರು ಸಿಕ್ಕಿಬೀಳ್ತಾರೆ!"

"ನೀವೂ ಕತ್ತರಿಸಿದೀರಾ?" ಎಂದಳು ಮುಂದಿನ ಸೀಟಿನ ಅಜ್ಜಿ.

"ಅಯ್ಯೋ ಅಜ್ಜಿ, ಬೀಗರ ಬಿಡಾರದಲ್ಲಿ ಮೀನಿನ ಕೆಲಸ ಎಲ್ಲಾ ನಂದೇ!"

ಅಲ್ಲಿ ನದಿ ದಡದಲ್ಲಿ ಅವನ ಮಗಳು ಅತ್ತೆಯ ಪಕ್ಕ ಕೂತು ಮೊದಲ ಮೀನು ಸೀಳುತ್ತಿದ್ದಳು. ಅಪ್ಪನ ವಿಷಯ ಅವಳು ಎತ್ತಲಿಲ್ಲ, ಯಾರೂ ಕೇಳಲೂ ಇಲ್ಲ.